ಬಾಹ್ಯಾಕಾಶದಿಂದ ಮರಳಿದವರಿಗೆ ಸ್ಲಿಪ್ ಡಿಸ್ಕ್ ಏಕೆ?

ಪ್ರಶ್ನೆ: ಗಗನಯಾತ್ರಿಗಳು ಭೂಮಿಗೆ ಮರಳಿದ ಮೇಲೆ ಅವರಲ್ಲಿ ಸ್ಲಿಪ್ ಡಿಸ್ಕ್ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ ಎಂದು ಓದಿದೆ. ಅಲ್ಲಿ ಬೆನ್ನಿನ ಮೇಲೆ ಭಾರವೇ ಬೀಳುವುದಿಲ್ಲವಲ್ಲ, ಅದಕ್ಕೆ ವಿಶ್ರಾಂತಿ ಸಿಕ್ಕಂತಾಗಬೇಕಲ್ಲವೇ?

ಉತ್ತರ: ಹಾಗೆ ಅನ್ನಿಸುವುದು ಸಹಜ. ಆದರೆ ಬೆನ್ನುಮೂಳೆ ಭಾರ ಹೊರುತ್ತಲೇ ಗಟ್ಟಿಯಾಗಿ ಉಳಿಯುತ್ತದೆ. ಕಶೇರುಮಣಿಗಳ ನಡುವಿನ ಪ್ರತಿ ಡಿಸ್ಕಿನೊಳಗೆ ನೀರು ಹೀರುವ ಮೆತ್ತನೆಯ ತಿರುಳಿದ್ದು, ಅದನ್ನು ನಾರಿನ ಪದರಗಳ ಬಲವಾದ ಉಂಗುರ ಸುತ್ತುವರಿದಿರುತ್ತದೆ. ಈ ಉಂಗುರ ಸೋತು ತಿರುಳು ಹೊರಚಾಚುವುದನ್ನೇ ಸ್ಲಿಪ್ ಡಿಸ್ಕ್, ಅಂದರೆ ಡಿಸ್ಕ್ ಜಾರುವುದು ಎನ್ನುತ್ತೇವೆ. ಹಗಲು ನಿಂತು ಓಡಾಡುವಾಗ ಮೈಭಾರಕ್ಕೆ ತಿರುಳಿನ ನೀರು ಸ್ವಲ್ಪ ಹೊರಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಒಳಸೇರುತ್ತದೆ. ಬೆಳಗ್ಗೆ ಎದ್ದಾಗ ನಾವು ಸಂಜೆಗಿಂತ ತುಸು ಎತ್ತರವಿರುವುದಕ್ಕೆ ಇದೇ ಕಾರಣ. ಕಕ್ಷೆಯಲ್ಲಿ ಈ ಏರಿಳಿತವೇ ನಿಂತುಹೋಗುತ್ತದೆ. ಬೆನ್ನುಮೂಳೆ ನೀಳವಾಗಿ, ಎತ್ತರ ಶೇ. 3ರವರೆಗೂ ಹೆಚ್ಚಬಹುದು. ಮೊದಲ ಕೆಲವು ದಿನ ಸೊಂಟನೋವು ಕಾಡುವುದೂ ಸಾಮಾನ್ಯ. ಆಗ ಅವರು ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು ಮುದುಡಿದರೆ ನೋವು ತಗ್ಗುತ್ತದೆ.

ಅಮೆರಿಕದ ಗಗನಯಾತ್ರಿಗಳ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಾಹ್ಯಾಕಾಶಕ್ಕೆ ಹೋಗದವರಿಗೆ ಹೋಲಿಸಿದರೆ ಅವರಲ್ಲಿ ಡಿಸ್ಕ್ ಜಾರುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚು. ಕುತ್ತಿಗೆಯ ಡಿಸ್ಕಿಗಂತೂ ಅದು ಇಪ್ಪತ್ತು ಪಟ್ಟನ್ನು ಮೀರಿತ್ತು. ಅಪಾಯ ಎದ್ದುಕಂಡದ್ದು ಮರಳಿದ ಮೊದಲ ವರ್ಷದಲ್ಲಿ. ಅವರಲ್ಲಿ ಹಲವರು ಹಿಂದೆ ಕುತ್ತಿಗೆಗೆ ಹೆಚ್ಚು ಒತ್ತಡ ಬೀಳುವ ಯುದ್ಧವಿಮಾನ ಹಾರಿಸಿದವರಾಗಿರುವುದರಿಂದ, ಕುತ್ತಿಗೆಯ ತೊಂದರೆಯನ್ನೆಲ್ಲ ಬಾಹ್ಯಾಕಾಶದ ಲೆಕ್ಕಕ್ಕೇ ಹಾಕುವುದು ಸರಿಯಲ್ಲ.

ನೀರು ಕುಡಿದು ಉಬ್ಬಿದ ಡಿಸ್ಕ್ ಮರಳಿ ಗುರುತ್ವದ ಒತ್ತಡಕ್ಕೆ ಸಿಕ್ಕು ಒಡೆಯುತ್ತದೆ ಎಂಬುದು ಬಹುಕಾಲದ ವಿವರಣೆ. ಆದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹಲವು ತಿಂಗಳಿದ್ದು ಬಂದ ಆರು ಮಂದಿಯ ಎಂಆರ್‌ಐ ಚಿತ್ರಗಳನ್ನಾಧರಿಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೊಂಟದ ಡಿಸ್ಕುಗಳ ದಪ್ಪ ಗಮನಾರ್ಹವಾಗಿ ಬದಲಾಗಿರಲಿಲ್ಲ. ಬದಲಾಗಿದ್ದದ್ದು ಬೆನ್ನುಮೂಳೆಯ ಇಕ್ಕೆಲದ ಸ್ನಾಯುಗಳು: ಅವುಗಳಲ್ಲಿ ಕೊಬ್ಬಿಲ್ಲದ ಮಾಂಸಖಂಡದ ಪಾಲು ಶೇ. 86ರಿಂದ 72ಕ್ಕೆ ಇಳಿದಿತ್ತು, ಆರು ವಾರ ಕಳೆದರೂ ಕಳೆದುಕೊಂಡದ್ದರಲ್ಲಿ ಮೂರನೇ ಎರಡರಷ್ಟು ಮಾತ್ರ ಮರಳಿತ್ತು. ಆರು ಮಂದಿಯ ಅಧ್ಯಯನ ಚಿಕ್ಕದು, ನಿಜ. ಆದರೂ ಆಸರೆಯ ಸ್ನಾಯು ಸೊರಗಿದಾಗ ಬಾಗುವ, ತಿರುಗುವ ಹೊರೆಯೆಲ್ಲ ಡಿಸ್ಕಿನ ಉಂಗುರದ ಮೇಲೆ ಬೀಳುತ್ತದೆ ಎಂಬ ವಿವರಣೆಯೇ ನನಗೆ ಹೆಚ್ಚು ಒಪ್ಪಿತವಾಗುತ್ತದೆ.

ನಿಲ್ದಾಣದಲ್ಲಿ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮಕ್ಕೆ ಮೀಸಲಿದೆ. ಅದು ಕಾಲು, ಸೊಂಟದ ದೊಡ್ಡ ಸ್ನಾಯುಗಳನ್ನು ಚೆನ್ನಾಗಿ ಕಾಪಾಡಿದರೂ ಕಶೇರುಮಣಿಗಳಿಗೆ ಅಂಟಿಕೊಂಡಿರುವ ಒಳಸ್ನಾಯುಗಳಿಗೆ ಸಾಲುತ್ತಿಲ್ಲ. ಆದ್ದರಿಂದ ಅವುಗಳಿಗೆಂದೇ ಪ್ರತ್ಯೇಕ ವ್ಯಾಯಾಮ ಬೇಕು. ಮರಳಿದ ಮೊದಲ ವಾರಗಳಲ್ಲಿ ಸೊಂಟ ಬಗ್ಗಿಸಿ ಭಾರ ಎತ್ತುವುದನ್ನು ತಪ್ಪಿಸಲೇಬೇಕು. ಭೂಮಿಗಿಳಿದವರನ್ನು ನೌಕೆಯಿಂದ ಎತ್ತಿಕೊಳ್ಳಲು ಸಹಾಯಕರ ತಂಡವಿರುತ್ತದೆ. ಆದರೆ ಹಲವು ತಿಂಗಳ ಪಯಣದ ನಂತರ ಮಂಗಳನ ಮೇಲೆ ಇಳಿಯುವವರು ಅದೇ ಸೊರಗಿದ ಬೆನ್ನಿನೊಂದಿಗೆ, ಭಾರವಾದ ಪೋಷಾಕು ತೊಟ್ಟು, ತಾವೇ ಹೊರಬಂದು ಕೆಲಸಕ್ಕೆ ಇಳಿಯಬೇಕಾಗುತ್ತದೆ.