ಫೈನ್ ಅಂದರೆ ಚೆನ್ನಾಗಿದೆಯೋ, ದಂಡವೋ?

ಈ ಸಲವೂ ಅದೇ ಪ್ರಶ್ನೆಗಳು. ಒಂದು ಸಲ ನೆಟ್ಟಗೆ ಉತ್ತರ ಬರೆದು ಕೈತೊಳೆದುಕೊಳ್ಳೋಣ ಅಂತ ಕೂತಿದ್ದೇನೆ.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗಳ ಗೈಡಿನಲ್ಲಿ 'ಫೈನ್' ಪದಕ್ಕೆ ಗುಡ್, ನೈಸ್, ಥಿನ್, ಪ್ಯೂರ್, ಪೆನಾಲ್ಟಿ ಅಂತ ಸಮಾನಾರ್ಥಕ ಪದಗಳನ್ನು ಕೊಟ್ಟಿದ್ದಾರೆ. ಯಾವುದನ್ನು ಬೇಕಾದರೂ ಬಳಸಬಹುದಾ? 'ಚೆನ್ನಾಗಿದೆ' ಅನ್ನುವ ಪದವೇ 'ದಂಡ' ಹೇಗಾಯಿತು?

ಮೊದಲು ಆ ಗೈಡನ್ನು ಅಟ್ಟಕ್ಕೆ ಹಾಕಿ. ಗುಡ್ ಪಕ್ಕದಲ್ಲೇ ಪೆನಾಲ್ಟಿಯನ್ನು ಕೂರಿಸಿದವರು ಪುಟ ತುಂಬಿಸಿದ್ದಾರೆ, ಅಷ್ಟೇ. ಮಕ್ಕಳು ಅದನ್ನು ಬಾಯಿಪಾಠ ಮಾಡಿ 'ಫೈನ್ ರವೆ' ಅನ್ನುವ ಕಡೆ 'ಗುಡ್ ರವೆ' ಅಂತ ಬರೆಯುತ್ತಾರೆ. ತಿದ್ದಿ ತಿದ್ದಿ ನನಗೆ ಸಾಕಾಗಿದೆ.

ಎರಡನೆಯ ಪ್ರಶ್ನೆ ಒಳ್ಳೆಯದು. ಲ್ಯಾಟಿನ್ನಿನಲ್ಲಿ 'ಫೀನಿಸ್' ಅಂದರೆ ಕೊನೆ. ಫಿನಿಶ್, ಫೈನಲ್, ಫೈನಾನ್ಸ್ ಎಲ್ಲ ಅದೇ ಬೇರಿನವು. ಕೊನೆಯವರೆಗೂ ತಿದ್ದಿ ತೀಡಿ, ಇನ್ನು ಮಾಡೋಕೆ ಏನೂ ಉಳಿದಿಲ್ಲ ಅನ್ನುವಂಥದ್ದು ಒಂದು ಫೈನ್. ನಿಮ್ಮ ಅಡುಗೆಮನೆಯ ರಿಫೈನ್ಡ್ ಎಣ್ಣೆಯಲ್ಲಿರುವುದೂ ಅದೇ. ಇನ್ನೊಂದು ಫೈನ್, ವ್ಯಾಜ್ಯಕ್ಕೆ ಹಾಡುವ ಕೊನೆ. ಹಿಂದೆ ಇಂಗ್ಲೆಂಡಿನ ಕೋರ್ಟುಗಳಲ್ಲಿ ಜಮೀನಿನ ರಾಜಿ ಪತ್ರಕ್ಕೇ ಫೈನ್ ಅನ್ನುತ್ತಿದ್ದರು. ಒಂದೇ ತೊಗಲಿನ ಹಾಳೆಯ ಮೇಲೆ ಮೂರು ಪ್ರತಿ ಬರೆದು, ಅಲೆ ಅಲೆಯಾಗಿ ಕತ್ತರಿಸುತ್ತಿದ್ದರು. ಎರಡು ತುಂಡು ಎರಡೂ ಕಡೆಯವರಿಗೆ. ಕೆಳಗಿನ ತುಂಡು, ಅಂದರೆ 'ಪಾದ', ಕೋರ್ಟಿಗೆ. ಮುಂದೆ ಯಾರಾದರೂ ನಕಲಿ ಪತ್ರ ತಂದರೆ ಅಂಚುಗಳು ಕೂಡುತ್ತಿರಲಿಲ್ಲ. 1195ರಲ್ಲಿ ಶುರುವಾದ ಈ ಮೂರು ತುಂಡಿನ ಪದ್ಧತಿ 1833ರವರೆಗೆ ನಡೆಯಿತು! ವಿಷಯ ಮುಗಿಸಲು ಕಟ್ಟುವ ದುಡ್ಡಿಗೂ ಅದೇ ಹೆಸರು ಬಂತು. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು ರಸೀದಿ ಹರಿಸಿಕೊಂಡವರು 'ಕಟ್ಟಿದೆ, ಮುಗೀತು' ಅನ್ನುವುದಿಲ್ವಾ? ಅದೇ.

ಈಗ ಮೊದಲ ಪ್ರಶ್ನೆಗೆ ಬರೋಣ. ನನ್ನ ದಾರಿ ಇಷ್ಟೇ: ಸಮಾನಾರ್ಥಕ ಹುಡುಕಬೇಡಿ, ವಿರುದ್ಧ ಪದ ಹುಡುಕಿ. ಪಕ್ಕದಲ್ಲಿ ಏನಿದೆ ನೋಡಿ, ಅದು ಫೈನ್ ಅಲ್ಲದಿದ್ದರೆ ಏನಾಗಿರುತ್ತಿತ್ತು ಕೇಳಿಕೊಳ್ಳಿ. ಅಂಗಡಿಯಲ್ಲಿ ಚಿರೋಟಿ ರವೆ ಫೈನ್. ಅದಲ್ಲದಿದ್ದರೆ ತರಿತರಿ. ಹಾಗಾದರೆ ಇಲ್ಲಿ ಅರ್ಥ ಸಣ್ಣ, ನುಣುಪು. ನೂಲು ಫೈನ್ ಅಲ್ಲದಿದ್ದರೆ ದಪ್ಪ. ಹಾಗಾದರೆ ಇಲ್ಲಿ ತೆಳು. ಇಂಗ್ಲೆಂಡಿನ ಹವಾಮಾನ ವರದಿಯಲ್ಲಿ ಫೈನ್ ಅಂದರೆ ಮಳೆ ಇಲ್ಲ ಅಂತ. ಬಿತ್ತನೆ ಮಾಡಿ ಆಕಾಶ ನೋಡುತ್ತಾ ಕೂತ ನಮ್ಮ ರೈತರಿಗೆ ಆ ಫೈನ್ ಬೇಡ.

ಬಳೆಯ ಒಳಮೈ ತಿರುಗಿಸಿ ನೋಡಿ. 22ಕೆ916 ಅಂತ ಇರುವೆ ಗಾತ್ರದ ಗುರುತಿರುತ್ತದೆ. ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥ ಬೆರಕೆ. ಈ ಲೆಕ್ಕಕ್ಕೆ ಇಂಗ್ಲಿಷಿನಲ್ಲಿ ಫೈನ್‌ನೆಸ್ ಅನ್ನುತ್ತಾರೆ. ವಿರುದ್ಧ ಪದ ಬೆರಕೆ, ಹಾಗಾಗಿ ಇಲ್ಲಿ ಫೈನ್ ಅಂದರೆ ಅಪರಂಜಿ. ಕುಸುರಿ ಎಷ್ಟು ಚೆನ್ನಾಗಿದ್ದರೂ ಆ ಅಂಕಿ ಏರುವುದಿಲ್ಲ.

ಇನ್ನು ಗೈಡಿನವರಿಗೆ ಹೊಳೆಯದ ಅರ್ಥ ಒಂದಿದೆ. ಇಂಗ್ಲಿಷ್ ಮಾತೃಭಾಷೆಯ ಅತಿಥಿಯೊಬ್ಬರು ನಮ್ಮ ಮನೆಗೆ ತಿಂಡಿಗೆ ಬಂದಿದ್ದರು. ಇನ್ನೊಂದು ಸ್ವಲ್ಪ ಉಪ್ಪಿಟ್ಟು ಹಾಕಲೇ ಅಂದೆ. 'ಐ ಯಾಮ್ ಫೈನ್' ಅಂದರು. ಸರಿ ಅಂದರಲ್ಲ ಅಂತ ಒಂದು ಸೌಟು ಬಡಿಸಿದೆ. ಮತ್ತೆ ಕೇಳಿದೆ, ಮತ್ತೆ ಫೈನ್, ಮತ್ತೆ ಸೌಟು. ಪಾಪ, ಮೂರನೆಯ ಸಲ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಆಗ ನನಗೆ ತಲೆಗೆ ಹೋಯಿತು: ಅಲ್ಲಿ ಫೈನ್ ಅಂದರೆ 'ಸಾಕು, ಬೇಡ'. ಇಂಗ್ಲಿಷ್ ಪಾಠ ಹೇಳುವವನ ಕಥೆ ಇದು! ಅದಕ್ಕೇ ಯಾರಾದರೂ ಫೈನ್ ಅಂದರೆ ನಾನು ಈಗಲೂ ಮುಖ ನೋಡುತ್ತೇನೆ. ಜಗಳದ ಮಧ್ಯೆ ಹೆಂಡತಿಯೋ ಗಂಡನೋ ಬಾಯಿ ಬಿಗಿದು 'ಫೈನ್' ಅಂದರೆ ಅದು ಬೇರೆಯೇ ಸಂಗತಿ, ಅದಕ್ಕೆ ನಿಘಂಟು ಬೇಕಿಲ್ಲ.

ಪ್ರಶ್ನೆ: 'ಐ ಯಾಮ್ ಫೈನ್' ಅನ್ನುವುದು ಹಳ್ಳಿ ಇಂಗ್ಲಿಷ್, ಅದರ ಬದಲು ದೊಡ್ಡ ದೊಡ್ಡ ಪದ ಹೇಳಿ ಅಂತ ರೀಲ್ಸ್‌ನಲ್ಲಿ ಕಲಿಸುತ್ತಾರಲ್ಲ?

ಸುಮ್ನೆ ಫೈನ್ ಅನ್ನಿ. ಆ ರೀಲಿನವರು ಮಾರುತ್ತಿರುವುದು ನಿಮ್ಮ ಕೀಳರಿಮೆಯನ್ನು. ಕೊನೆಗೆ ಕೋರ್ಸಿನ ಫೀಸು ಬರುತ್ತದೆ, ಕಾದು ನೋಡಿ.

ಪ್ರಶ್ನೆ: ಫೈನ್‌ಗೆ ಒಂದೇ ಒಂದು ಅಚ್ಚ ಕನ್ನಡ ಪದ ಹೇಳಿ.

ಇಲ್ಲ. ರವೆಯೋ, ಬಳೆಯೋ, ಪೊಲೀಸರೋ ಅಂತ ಹೇಳಿದರೆ ಕೊಡುತ್ತೇನೆ.

ಪ್ರಶ್ನೆ: ನ್ಯೂಸ್ ಅನ್ನುವುದು ಇಂಗ್ಲಿಷಿನ ನಾಲ್ಕು ದಿಕ್ಕುಗಳ ಮೊದಲಕ್ಷರ ಸೇರಿ ಆದದ್ದು ನಿಜವೇ?

ಅಲ್ಲ. 'ನ್ಯೂ', ಅಂದರೆ ಹೊಸದು, ಅದರ ಬಹುವಚನ. ಆ ವಾಟ್ಸಾಪ್ ಸಂದೇಶ ನನಗೂ ಬಂದಿದೆ, ದಯವಿಟ್ಟು ಮತ್ತೆ ಕಳಿಸಬೇಡಿ.