ಅಯಸ್ಕಾಂತಕ್ಕೆ ಸಿಕ್ಕುವ ಕಾಂಡಕೋಶ

ಪ್ರಶ್ನೆ: ರಕ್ತ ಕ್ಯಾನ್ಸರಿನ ಕಸಿಗೆ ಮುನ್ನ ದಾನಿಯ ಕಾಂಡಕೋಶಗಳನ್ನು ಅಯಸ್ಕಾಂತದಿಂದ ಬೇರ್ಪಡಿಸುತ್ತಾರಂತೆ. ಕೋಶ ಅಯಸ್ಕಾಂತಕ್ಕೆ ಅಂಟುವುದು ಹೇಗೆ?

ಉತ್ತರ: ತಾನಾಗಿ ಅಂಟುವುದಿಲ್ಲ, ಕಬ್ಬಿಣ ಹಚ್ಚಬೇಕು. ರಕ್ತ ತಯಾರಿಸುವ ಕಾಂಡಕೋಶಗಳ ಮೈಮೇಲೆ ಸಿಡಿ34 ಎಂಬ ಪ್ರೋಟೀನ್ ಇದೆ. ಅದನ್ನು ಹಿಡಿಯುವ ಪ್ರತಿಕಾಯಕ್ಕೆ ಸುಮಾರು 50 ನ್ಯಾನೋಮೀಟರಿನ ಐರನ್ ಆಕ್ಸೈಡ್ ಕಣ ಜೋಡಿಸಿರುತ್ತಾರೆ. ದಾನಿಯ ರಕ್ತದಿಂದ ಅಫೆರೆಸಿಸ್ ಯಂತ್ರ (ಬೇಕಾದ ಕೋಶ ಇಟ್ಟುಕೊಂಡು ಉಳಿದ ರಕ್ತ ಮರಳಿಸುವ ಯಂತ್ರ) ತೆಗೆದ ಕೋಶಗಳಿಗೆ ಇದನ್ನು ಬೆರೆಸಿ, ಅರ್ಧ ಗಂಟೆ ಮೆಲ್ಲಗೆ ಅಲುಗಾಡಿಸಿ, ಹೆಚ್ಚುವರಿ ಕಣ ತೊಳೆದು, ಅಯಸ್ಕಾಂತದ ಬಳಿ ಇಟ್ಟ ಕಾಲಮ್ ಎಂಬ ಕೊಳವೆಯಲ್ಲಿ ಹರಿಸುತ್ತಾರೆ. ಇಷ್ಟು ಪುಟ್ಟ ಕಣವನ್ನು ಬರೀ ಅಯಸ್ಕಾಂತ ಎಳೆಯಲಾರದು. ಕಾಲಮ್ಮಿನೊಳಗಿನ ಕಬ್ಬಿಣದ ಗುಂಡುಗಳು ಸೆಳೆತವನ್ನು ಹಲವು ಪಟ್ಟು ಹೆಚ್ಚಿಸುತ್ತವೆ. ಸಿಡಿ34 ಕೋಶ ನಿಲ್ಲುತ್ತದೆ, ರೋಗಿಯ ಮೈಮೇಲೆ ದಾಳಿ ಮಾಡಬಲ್ಲ ದಾನಿಯ ಟಿ ಕೋಶ (ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ) ಹರಿದುಹೋಗುತ್ತದೆ. ಅಯಸ್ಕಾಂತ ಸರಿಸಿದರೆ ಹಿಡಿತ ಬಿಡುತ್ತದೆ.

ಕೆಡುವುದು ಹೆಚ್ಚಾಗಿ ತಯಾರಿಯಲ್ಲೇ. ಪ್ಲೇಟ್‌ಲೆಟ್ ತೊಳೆಯದಿದ್ದರೆ ಕೋಶಗಳು ಗಂಟುಗಟ್ಟಿ ಕಾಲಮ್ ಕಟ್ಟಿಕೊಳ್ಳುತ್ತದೆ. ಅದಕ್ಕೇ ಪ್ಲೇಟ್‌ಲೆಟ್ ಬೇರ್ಪಡಿಸಲು ನಿಧಾನ ವೇಗದ ಸೆಂಟ್ರಿಫ್ಯೂಜ್ (ತಿರುಗಿಸುವ ಯಂತ್ರ), ಗಂಟುಗಟ್ಟದಂತೆ ತಡೆಯುವ ಇಡಿಟಿಎ ಎಂಬ ರಾಸಾಯನಿಕ ಇರುವ ಬಫರ್ ದ್ರಾವಣ. ಸತ್ತ ಕೋಶದ ಡಿಎನ್‌ಎ ಕೂಡ ಗೋಂದಿನಂತೆ. ಕೋಶ ಹೆಚ್ಚಾಗಿ ಪ್ರತಿಕಾಯ ಸಾಲದಿದ್ದರೆ ಕಾಂಡಕೋಶವೇ ಸೋರಿಹೋಗುತ್ತದೆ. ಸಾಮಾನ್ಯವಾಗಿ ರೋಗಿಯ ಪ್ರತಿ ಕಿಲೋ ತೂಕಕ್ಕೆ ಕನಿಷ್ಠ 20 ಲಕ್ಷ ಸಿಡಿ34 ಕೋಶ ಬೇಕು. 60 ಕಿಲೋದವರಿಗೆ 12 ಕೋಟಿ.

ಟಿ ಕೋಶ ಕಳೆದದ್ದಕ್ಕೆ ಬೆಲೆಯೂ ಇದೆ: ಕಸಿಯ ನಂತರ ತಿಂಗಳುಗಟ್ಟಲೆ ಸೈಟೊಮೆಗಲೋವೈರಸ್‌ನಂಥ ಸೋಂಕಿನ ಭಯ.