ಕೂಪರ್ ಫ್ಲ್ಯಾಗ್ ಸಿಗಲಿ ಅಂತ ನಮ್ಮ ಟೀಮ್ ಸೋಲೋದನ್ನೇ ಕಾದ ವರ್ಷ

"ಕಾಲೇಜಿನ ಒಬ್ಬ ಹುಡುಗನಿಗೋಸ್ಕರ ಇಡೀ ಸೀಸನ್ ತಮ್ಮ ಟೀಮೇ ಸೋಲಲಿ ಅಂತ ಬಯಸೋ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳು ನಿಜವಾಗಲೂ ಇದ್ದಾರಾ? ಹಾಗೆ ಸೋತರೆ ಅವನು ಸಿಗುತ್ತಾನಾ?" ಅಂತ ಕೇಳಿದ್ದೀರಿ. ಇದ್ದಾರೆ, ನಾನೇ ಒಬ್ಬ. ಅವನು ಸಿಗಲಿಲ್ಲ.

ನಾನಿರೋದು ಅಮೆರಿಕದ ಯೂಟಾ ರಾಜ್ಯದಲ್ಲಿ. ಕೆಲಸಕ್ಕೆ ಅಂತ ಬಂದ ಮೊದಲ ಚಳಿಗಾಲ, ಹೊರಗೆ ಹಿಮ, ಸಂಜೆ ಮಾಡೋಕೆ ಬೇರೇನೂ ಇಲ್ಲ, ಸುಮ್ನೆ ಟೀವಿ ಹಾಕಿ ಕೂತವನಿಗೆ ಇಲ್ಲಿನ ಬ್ಯಾಸ್ಕೆಟ್‌ಬಾಲ್ ಟೀಮ್ ಯೂಟಾ ಜಾಜ್ ಹುಚ್ಚು ಹತ್ತಿತು. ಅದು ಆಡೋ ಲೀಗ್ ಎನ್‌ಬಿಎನಲ್ಲಿ ಐಪಿಎಲ್ ತರ ಹರಾಜು ಕೂಗಿ ಹೊಸ ಹುಡುಗರನ್ನು ಕೊಳ್ಳೋ ಹಾಗಿಲ್ಲ. ಡ್ರಾಫ್ಟ್‌ನಲ್ಲಿ ಸರದಿ ಪ್ರಕಾರ ಆರಿಸಿಕೊಳ್ಳಬೇಕು. ಆಗ ಪ್ಲೇಆಫ್ ಮುಟ್ಟದ 14 ಟೀಮ್‌ಗಳ ನಡುವೆ ಮೊದಲ ನಾಲ್ಕು ಪಾಳಿಗೆ ಲಾಟರಿ ಎತ್ತುತ್ತಿದ್ದರು, ಜಾಸ್ತಿ ಸೋತವರ ಹೆಸರಿನಲ್ಲಿ ಜಾಸ್ತಿ ಚೀಟಿ; ಉಳಿದ ಪಾಳಿ ಜಾಸ್ತಿ ಸೋತವರಿಂದ ಕಮ್ಮಿ ಸೋತವರ ಕ್ರಮದಲ್ಲಿ.

2024-25ರ ಸೀಸನ್‌ನಲ್ಲಿ, ಮುಂದಿನ ಡ್ರಾಫ್ಟ್‌ಗೆ ಎಲ್ಲರ ಕಣ್ಣಿದ್ದದ್ದು ಡ್ಯೂಕ್ ಕಾಲೇಜಿನ ಕೂಪರ್ ಫ್ಲ್ಯಾಗ್ ಮೇಲೆ. ಮೇನ್ ರಾಜ್ಯದ ನ್ಯೂಪೋರ್ಟ್ ಅನ್ನೋ ಪುಟ್ಟ ಊರಿನವನು, ಸೀಸನ್ ನಡುವೆ 18 ತುಂಬಿತು. ಜನವರಿಯಲ್ಲಿ ನಾಟರ್ ಡೇಮ್ ಕಾಲೇಜಿನ ವಿರುದ್ಧ 42 ಪಾಯಿಂಟ್ ಹೊಡೆದ. ಆದರೆ ನನ್ನನ್ನು ಹಿಡಿದದ್ದು ಪಾಯಿಂಟ್ ಅಲ್ಲ. ಅಷ್ಟು ಎತ್ತರದ ಹುಡುಗ ಒಂದು ಕಡೆ ಎದುರಾಳಿಯ ಶಾಟ್ ತಡೆದು, ತಾನೇ ಚೆಂಡು ಬಡಿದುಕೊಂಡು ಇನ್ನೊಂದು ಕಡೆ ಓಡಿ, ಕೊನೆಗೆ ತಾನು ಹಾಕದೆ ಪಕ್ಕದವನಿಗೆ ಕೊಡ್ತಾನಲ್ಲ, ಅದು. ಇವನೊಬ್ಬ ಬಂದರೆ ಸಾಕಪ್ಪಾ ಅನ್ನಿಸಿಬಿಟ್ಟಿತು.

ಅಲ್ಲಿಂದ ಶುರುವಾಯಿತು ನೋಡಿ ಕೆಟ್ಟ ಚಟ. ನಮ್ಮವರು ಗೆಲ್ಲೋ ಹಾಗೆ ಕಂಡರೆ ಹೊಟ್ಟೆಯಲ್ಲಿ ಕಳವಳ. ಒಂದು ರಾತ್ರಿ ನಮ್ಮ ಆಟಗಾರ ಮೂರು ಪಾಯಿಂಟ್ ಹಾಕಿದಾಗ ಮಗ ಸೋಫಾ ಮೇಲೆ ಹತ್ತಿ ಕುಣಿದ. ನಾನು "ಸುಮ್ನೆ ಕೂತ್ಕೊಳೋ" ಅಂದೆ. "ಅಪ್ಪಾ, ಹಾಕಿದ್ದು ನಮ್ಮವರೇ ಅಲ್ವಾ?" ಅಂದ. ಏನಂತ ಹೇಳಲಿ? ಟೀಮ್‌ನವರೂ ನನಗಿಂತ ಕಮ್ಮಿಯಿಲ್ಲ. ನಮ್ಮ ಸ್ಟಾರ್ ಲೌರಿ ಮಾರ್ಕನೆನ್‌ನನ್ನು ಆಡಿಸದೆ ಕೂರಿಸಿದ್ದಕ್ಕೆ ಮಾರ್ಚ್‌ನಲ್ಲಿ ಲೀಗ್ 1 ಲಕ್ಷ ಡಾಲರ್ ದಂಡ ಹಾಕಿತು. ಕೊನೆಗೆ 17 ಗೆಲುವು, 65 ಸೋಲು. ಲೀಗ್‌ನಲ್ಲೇ ಕೊನೆ. ನಾನು ಖುಷಿಪಟ್ಟೆ, ನಾಚಿಕೆಯಾಗುತ್ತೆ ಹೇಳೋಕೆ.

ಲೆಕ್ಕ ಮಾತ್ರ ಸರಿಯಾಗಿ ನೋಡಿರಲಿಲ್ಲ. ಮೊದಲು ಕೊನೆಯ ಟೀಮ್‌ಗೆ ಒಂದನೇ ನಂಬರ್ ಸಿಗೋ ಅವಕಾಶ ಶೇಕಡಾ 25 ಇತ್ತು. ಬೇಕಂತಲೇ ಸೋಲೋದನ್ನು ತಡೆಯೋಕೆ 2019ರಿಂದ ಕೊನೆಯ ಮೂರೂ ಟೀಮ್‌ಗೆ ಸಮನಾಗಿ 14 ಮಾಡಿದರು. ಅಂದರೆ ಕೊನೆಯಿಂದ ಮೂರನೆಯವರಾಗಿದ್ದರೂ ಫ್ಲ್ಯಾಗ್ ಸಿಗೋ ಅವಕಾಶ ಅಷ್ಟೇ! ತೀರಾ ಕೊನೆಗೆ ಬಿದ್ದರೆ ಇದ್ದ ಲಾಭ ಒಂದೇ, ಐದನೇ ಪಾಳಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ಆ ಐದನೆಯದೇ ಸಿಗೋ ಸಾಧ್ಯತೆ ಸುಮಾರು ಶೇಕಡಾ 48. ಆ ಬದಲಾವಣೆ ಆದಮೇಲೆ 2025ರವರೆಗೆ ಕೊನೆಯ ಟೀಮ್‌ಗೆ ಒಂದು ಸಲವೂ ಮೊದಲ ನಂಬರ್ ಬಂದಿಲ್ಲ.

ಮೇ 12, ಶಿಕಾಗೋದಲ್ಲಿ ಲಾಟರಿ. ಟೀವಿಯಲ್ಲಿ 14ರಿಂದ ಹಿಂದಕ್ಕೆ ಹೇಳುತ್ತಾ ಬರ್ತಾರೆ. 11ನೆಯದು ಡಲ್ಲಾಸ್‌ದಾಗಬೇಕಿತ್ತು, ಕಾರ್ಡ್‌ನಲ್ಲಿ ಪೋರ್ಟ್‌ಲ್ಯಾಂಡ್ ಬಂತು. ಡಲ್ಲಾಸ್ ಮೇಲಕ್ಕೆ ಹಾರಿದೆ ಅಂತ ಅಲ್ಲೇ ಗೊತ್ತಾಯಿತು. ಆಮೇಲೆ ಸ್ಯಾನ್ ಆಂಟೋನಿಯೋ, ಫಿಲಡೆಲ್ಫಿಯಾ ಕೂಡ ಹಾರಿದವು. ಆರನೆಯದು ವಾಷಿಂಗ್ಟನ್ ಅಂದಾಗ ನಾನು ರಿಮೋಟ್ ಕೆಳಗಿಟ್ಟೆ, ಯಾಕಂದರೆ ಆಮೇಲೆ ಐದನೆಯದು ನಾವಲ್ಲದೆ ಇನ್ಯಾರೂ ಆಗೋ ಹಾಗಿರಲಿಲ್ಲ. ಫ್ಲ್ಯಾಗ್ ಹೋಗಿದ್ದು ಶೇಕಡಾ 1.8 ಅವಕಾಶ ಇದ್ದ ಡಲ್ಲಾಸ್‌ಗೆ. ಫೆಬ್ರವರಿಯಲ್ಲಿ ಲೂಕಾ ಡಾನ್ಸಿಚ್‌ನಂಥ ಸ್ಟಾರ್ ಆಟಗಾರನನ್ನು ಲೇಕರ್ಸ್ ಟೀಮ್‌ಗೆ ಕೊಟ್ಟು ತನ್ನ ಅಭಿಮಾನಿಗಳಿಂದಲೇ ಬೈಸಿಕೊಂಡ ಟೀಮ್ ಅದು! ಮೂರು ವಾರಕ್ಕೆ ಆರ್‌ಸಿಬಿ ಕಪ್ ಗೆದ್ದಿತು ಅನ್ನೋದೊಂದೇ ಆ ಬೇಸಿಗೆಯಲ್ಲಿ ನನಗಿದ್ದ ಸಮಾಧಾನ.

ನಮಗೆ ಸಿಕ್ಕಿದ್ದು ರಟ್‌ಗರ್ಸ್ ಕಾಲೇಜಿನ ಏಸ್ ಬೈಲಿ. ಕೆಟ್ಟ ಆಟಗಾರ ಅಲ್ಲ, ಕಷ್ಟದ ಶಾಟ್‌ಗಳನ್ನೇ ಹುಡುಕಿಕೊಂಡು ಹೋಗಿ ಹಾಕೋ ಹುಡುಗ. ಅವನ ಹೆಸರಿನ ಜೆರ್ಸಿ ಬೇಕು ಅಂತ ಮಗ ಹಟ ಹಿಡಿದ, ಕೊಡಿಸಿದೆ.

ಹಾಗಾದರೆ ಬುದ್ಧಿ ಬಂತಾ ಅಂತೀರಾ? 2025-26ರಲ್ಲಿ ಎಜೆ ಡಿಬಾಂಟ್ಸಾ ಅನ್ನೋ ಹುಡುಗ ಇಲ್ಲೇ ಪ್ರೊವೊದಲ್ಲಿ, ಬಿವೈಯು ಕಾಲೇಜಿಗೆ ಆಡೋಕೆ ಬಂದ. ಮನೆ ಬಾಗಿಲಲ್ಲೇ ಸ್ಟಾರ್. ಅದರ ಮೇಲೆ ನಮ್ಮ 2026ರ ಡ್ರಾಫ್ಟ್ ಪಾಳಿ ಮೊದಲ 8ರೊಳಗೆ ಬರದಿದ್ದರೆ ಅದು ಒಕ್ಲಹೋಮಾ ಟೀಮ್ ಪಾಲಾಗುತ್ತಿತ್ತು. ಅವನ ಆಟ ನೋಡ್ತಾ ಕೂತಿದ್ದೆ, ಕೈ ತಾನಾಗಿ ಫೋನ್ ತೆಗೆದು ಜಾಜ್ ಎಷ್ಟು ಸೋತಿದೆ ಅಂತ ನೋಡ್ತಿತ್ತು. ಪಕ್ಕದಲ್ಲಿ ಬೈಲಿ ಜೆರ್ಸಿ ಹಾಕಿಕೊಂಡು ಕೂತ ಮಗ ನನ್ನ ಫೋನನ್ನೇ ನೋಡ್ತಿದ್ದ.